ಸಾಲಿನಲ್ಲಿ ಕುಣಿಯುವವರು: ಬ್ಯಾಲೆ, ಮೇಳ ಮತ್ತು ಹೆಸರಿಲ್ಲದ ದುಡಿಮೆ

(ಸುಂಡ್‌ಬೀಬರ್ಯ್‌ನಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೃತ್ಯದ ಕುರಿತು ಮಾತನಾಡಬೇಕೆಂದು ಕೇಳಿದ್ದೀರಿ. ನೃತ್ಯ ನನ್ನ ಕಸುಬಲ್ಲ. ದುಡಿಮೆಯ ಇತಿಹಾಸ ನನ್ನ ಅಧ್ಯಯನದ ಕ್ಷೇತ್ರ. ಹಾಗಾಗಿ ಬೆಳಕಿನ ವೃತ್ತದೊಳಗೆ ನಿಲ್ಲುವ ತಾರೆಯರನ್ನು ಇಂದು ಪಕ್ಕಕ್ಕಿಟ್ಟು, ಅವರ ಹಿಂದೆ ಸಾಲಾಗಿ ನಿಲ್ಲುವವರ ಬಗ್ಗೆ ಮಾತನಾಡುತ್ತೇನೆ. ಕಾರ್ಯಕ್ರಮ ಪಟ್ಟಿಯ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಅಕಾರಾದಿಯಾಗಿ ಅಚ್ಚಾಗುವ ಹೆಸರುಗಳು ಅವರವು. ಎಷ್ಟೋ ಸಲ ಅಷ್ಟೂ ಇರುವುದಿಲ್ಲ.

ಈ ಮಾತಿಗೆ ಈ ಊರು ತಕ್ಕ ಜಾಗ. ವಿಸ್ತೀರ್ಣದಲ್ಲಿ ಸುಂಡ್‌ಬೀಬರ್ಯ್ ಸ್ವೀಡನ್ನಿನ ಅತಿ ಚಿಕ್ಕ ಮುನಿಸಿಪಾಲಿಟಿ. ಒಂಬತ್ತು ಚದರ ಕಿಲೋಮೀಟರಿಗೂ ಕಡಿಮೆ. ಇದನ್ನು ಬೆಳೆಸಿದ್ದು ಕಾರ್ಖಾನೆಗಳು. ಸೀವರ್ಟ್ ಕುಟುಂಬದ ಕೇಬಲ್ ಕಾರ್ಖಾನೆ ಇಲ್ಲಿತ್ತು, ಮಾರಾಬು ಚಾಕೊಲೇಟ್ ಕಾರ್ಖಾನೆ ಇಲ್ಲಿತ್ತು. ಒಡೆಯರ ಹೆಸರೂ ಸರಕಿನ ಹೆಸರೂ ಇತಿಹಾಸದಲ್ಲಿ ಉಳಿದಿವೆ. ತಂತಿ ಹೊಸೆದವರ, ಚಾಕೊಲೇಟಿಗೆ ಕಾಗದ ಸುತ್ತಿದವರ ಹೆಸರುಗಳನ್ನು ಹಳೆಯ ಸಂಬಳದ ಪುಸ್ತಕಗಳಲ್ಲಿ ಹುಡುಕಬೇಕು. ಇಲ್ಲಿಂದ ಲೋಕಲ್ ರೈಲು ಹತ್ತಿದರೆ ಹತ್ತು ನಿಮಿಷದೊಳಗೆ ಸ್ಟಾಕ್‌ಹೋಮಿನ ಸೆಂಟ್ರಲ್ ನಿಲ್ದಾಣ ತಲುಪುತ್ತೇವೆ. ಅಲ್ಲಿಂದ ಸ್ವಲ್ಪ ನಡೆದರೆ ರಾಯಲ್ ಒಪೇರಾ. ಕಾರ್ಖಾನೆಯ ಊರಿಗೂ ಅರಸನ ರಂಗಮಂದಿರಕ್ಕೂ ನಡುವಿನ ದೂರ ನಾವು ಅಂದುಕೊಂಡಷ್ಟು ಹೆಚ್ಚಿಲ್ಲ ಎಂಬುದು ನನ್ನ ಮಾತಿನ ಒಂದು ಎಳೆ.

ಸಮೂಹ ನರ್ತಕರನ್ನು ಫ್ರೆಂಚರು ‘ಕೋರ್ ದ ಬ್ಯಾಲೆ’ ಎನ್ನುತ್ತಾರೆ. ಬ್ಯಾಲೆಯ ದೇಹ ಎಂದು ಅದರ ಅರ್ಥ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ನಮಗಿದೆ: ಮೇಳ. ತಂಡವೂ ಮೇಳವೇ, ಕೂಡುವಿಕೆಯೂ ಮೇಳವೇ, ಸ್ವರಗಳ ಹೊಂದಾಣಿಕೆಯೂ ಮೇಳವೇ. ಹತ್ತಾರು ಜನ ಒಂದೇ ಉಸಿರಿನಲ್ಲಿ ಕುಣಿಯುವುದು ಕಣ್ಣಿಗೆ ಹಬ್ಬ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ನನ್ನ ಪ್ರಶ್ನೆ ಎರಡೇ. ಆ ಒಂದಾಗುವಿಕೆಯ ಅಳತೆಗೋಲು ಯಾರ ಕೈಯಲ್ಲಿದೆ? ಅದರ ಬೆಲೆಯನ್ನು ಯಾರು ತೆರುತ್ತಾರೆ?

ಮೊದಲು ಆ ಕೆಲಸ ಎಂಥದು ಎಂಬುದನ್ನು ನೋಡೋಣ. ‘ಹಂಸ ಸರೋವರ’ವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಎರಡನೆಯ ಅಂಕದಲ್ಲಿ ಬಿಳಿಯುಡುಪಿನ ಹಂಸಗಳು ಸಾಲುಸಾಲಾಗಿ ಬರುತ್ತವೆ. ಸಾಮಾನ್ಯವಾಗಿ ಇಪ್ಪತ್ತನಾಲ್ಕು ನರ್ತಕಿಯರು. ಪ್ರತಿಯೊಬ್ಬಳೂ ಸಂಗೀತದ ಎಣಿಕೆಯನ್ನು ಮನಸ್ಸಿನಲ್ಲಿ ನಡೆಸುತ್ತ, ಎದುರಿನವಳ ಬೆನ್ನಿನ ಮೇಲೆ ದೃಷ್ಟಿಯಿಟ್ಟು, ಎಡಬಲದವರನ್ನು ಕಣ್ಣಂಚಿನಲ್ಲೇ ಅಳೆಯುತ್ತ ಕುಣಿಯಬೇಕು. ತಲೆ ತಿರುಗಿಸಿ ನೋಡುವಂತಿಲ್ಲ. ಮುಂದಿನವಳು ಒಂದು ಗೇಣು ತಪ್ಪಿದರೆ ಹಿಂದಿನವರೆಲ್ಲ ಆ ಗೇಣನ್ನು ತಮ್ಮತಮ್ಮೊಳಗೆ ಹಂಚಿಕೊಂಡು ಸಾಲನ್ನು ನೇರವಾಗಿಸಬೇಕು, ಅದೂ ನೋಡುವವರಿಗೆ ತಿಳಿಯದಂತೆ. ಮುಖ್ಯ ನರ್ತಕಿ ಒಂದು ಭಂಗಿಯನ್ನು ಅರೆಗಳಿಗೆ ಹೆಚ್ಚು ಹಿಡಿದು ನಿಲ್ಲಬಹುದು. ಅದಕ್ಕೆ ಚಪ್ಪಾಳೆ ಬೀಳುತ್ತದೆ. ಸಾಲಿನವಳು ಹಾಗೆ ಮಾಡಿದರೆ ಅದು ತಪ್ಪು.

ಅದಕ್ಕಿಂತ ಕಠಿಣವಾದದ್ದು ನಿಲ್ಲುವ ಕೆಲಸ. ನಾಯಕ ನಾಯಕಿಯರ ಯುಗಳ ನೃತ್ಯ ನಡೆಯುವಾಗ ಹಂಸಗಳು ರಂಗದ ಎರಡೂ ಬದಿಯಲ್ಲಿ ಒಂದು ಕಾಲು ಹಿಂದಕ್ಕೆ ಚಾಚಿ, ಕೈಗಳನ್ನು ಮುಂದೆ ಹೆಣೆದು, ನಿಮಿಷಗಟ್ಟಲೆ ಅಲುಗಾಡದೆ ನಿಲ್ಲುತ್ತವೆ. ಈಗಷ್ಟೇ ಕುಣಿದು ಬಿಸಿಯೇರಿದ ಸ್ನಾಯುಗಳು ತಣ್ಣಗಾಗುತ್ತ ಬಿಗಿಯುತ್ತವೆ, ಮೀನಖಂಡ ಸೆಳೆಯುತ್ತದೆ. ಮರುಕ್ಷಣ ಮತ್ತೆ ಜಿಗಿಯಬೇಕು. ಇಂದು ಸಂಜೆ ಹಂಸವಾದವಳು ಮರುದಿನ ಇನ್ನೊಂದು ಕೃತಿಯಲ್ಲಿ ಹಳ್ಳಿಯ ಹುಡುಗಿ. ಯಾರಿಗಾದರೂ ಪೆಟ್ಟಾದರೆ ಅರ್ಧ ದಿನದ ಸೂಚನೆಯಲ್ಲಿ ಬೇರೆಯವರ ಜಾಗವನ್ನು ಕಲಿತು ನಿಲ್ಲಬೇಕು. ಒಂದೇ ಕೃತಿಯ ನಾಲ್ಕಾರು ಸ್ಥಾನಗಳನ್ನು ಏಕಕಾಲಕ್ಕೆ ನೆನಪಿಡುವ ಈ ಶಕ್ತಿಗೆ ಯಾವ ಬಿರುದೂ ಇಲ್ಲ. ಒಂದು ನೃತ್ಯಸಂಸ್ಥೆಯ ನೆನಪಿನ ಕಣಜ ಇರುವುದು ಮಾತ್ರ ಈ ಮೈಗಳಲ್ಲಿಯೇ.

ಇಂಥ ಕೆಲಸದ ಶಿಖರ ಎನ್ನಿಸಿಕೊಂಡ ಒಂದು ದೃಶ್ಯವಿದೆ. ಅದರ ಹೆಸರು ಕೇಳಿದರೆ ಭಾರತೀಯರಾದ ನಮಗೆ ಕುತೂಹಲ ಹುಟ್ಟಬೇಕು. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಾರಿಯುಸ್ ಪೆಟಿಪಾ ರಂಗಕ್ಕೆ ತಂದ ‘ಲಾ ಬಯಾದೇರ್’. ಬಯಾದೇರ್ ಎಂದರೆ ದೇವಾಲಯದ ನರ್ತಕಿ. ನಮ್ಮ ಮಾತಿನಲ್ಲಿ ದೇವದಾಸಿ. ನಾಯಕಿ ನಿಕಿಯಾ ವಿಷಸರ್ಪ ಕಚ್ಚಿ ಸಾಯುತ್ತಾಳೆ. ಪ್ರಿಯಕರ ಸೊಲೋರ್ ಅಫೀಮಿನ ಅಮಲಿನಲ್ಲಿ ನೆರಳುಗಳ ಲೋಕವನ್ನು ಕಾಣುತ್ತಾನೆ. ಇಳಿಜಾರಿನ ಮೇಲಿಂದ ಬಿಳಿಯುಡುಪಿನ ನೆರಳುಗಳು ಒಂದರ ಹಿಂದೊಂದು ಇಳಿದುಬರುತ್ತವೆ. ಇಂದಿನ ಪ್ರಯೋಗಗಳಲ್ಲಿ ಇಪ್ಪತ್ತನಾಲ್ಕು ಅಥವಾ ಮೂವತ್ತೆರಡು ಜನ. ಒಂದು ಕಾಲ ಮೇಲೆ ಬಾಗಿ ಇನ್ನೊಂದು ಕಾಲನ್ನು ಹಿಂದಕ್ಕೆ ಎತ್ತುವುದು, ಎದ್ದು ಹಿಂದಕ್ಕೆ ಒರಗುವುದು, ಎರಡು ಹೆಜ್ಜೆ ಇಡುವುದು. ಇಷ್ಟೇ ಚಲನೆ, ಅದೇ ಮತ್ತೆ ಮತ್ತೆ. ಎಲ್ಲರಿಗಿಂತ ಮೊದಲು ಇಳಿದವಳು ಎಲ್ಲರಿಗಿಂತ ಹೆಚ್ಚು ಸಲ ಅದನ್ನು ಮಾಡುತ್ತಾಳೆ. ಆಕೆಯ ಕಾಲು ನಡುಗಿದರೆ ಇಡೀ ದೃಶ್ಯ ನಡುಗುತ್ತದೆ. ನೋಡುವವರು ಕಾತರದಿಂದ ಕಾಯುವುದು ಮಾತ್ರ ಕೊನೆಗೆ ಬರುವ ನಿಕಿಯಾಳಿಗಾಗಿ.

ಈ ಸಾಲು ಹುಟ್ಟಿದ್ದಾದರೂ ಎಲ್ಲಿ? ಅರಮನೆಯಲ್ಲಿ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1661ರಲ್ಲಿ ನೃತ್ಯದ ರಾಜ ಅಕಾಡೆಮಿಯನ್ನು ಸ್ಥಾಪಿಸಿದ. ಆತ ಸ್ವತಃ ನರ್ತಕ. ಆಸ್ಥಾನದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರಿಗೆ ಎಷ್ಟು ಬಾಗಬೇಕು ಎಂಬ ಶಿಷ್ಟಾಚಾರವೇ ನೃತ್ಯದ ವ್ಯಾಕರಣವೂ ಆಯಿತು. ರಂಗದ ಸಮಮಿತಿಯನ್ನು ಕಟ್ಟಿದ್ದು ಪ್ರೇಕ್ಷಾಗೃಹದ ನಡುಮಧ್ಯದಲ್ಲಿ ಕುಳಿತ ದೊರೆಯ ಕಣ್ಣಿಗಾಗಿ. ಬದಿಯ ಅಗ್ಗದ ಆಸನದಲ್ಲಿ ಕುಳಿತವರಿಗೆ ಸಾಲುಗಳು ಇಂದಿಗೂ ಓರೆಯಾಗಿಯೇ ಕಾಣುತ್ತವೆ. ಸ್ವೀಡನ್ನಿನಲ್ಲಿ ಮೂರನೆಯ ಗುಸ್ತಾವ್ ದೊರೆ 1773ರಲ್ಲಿ ಒಪೇರಾವನ್ನು, ಅದರೊಂದಿಗೆ ಬ್ಯಾಲೆಯನ್ನು ಆರಂಭಿಸಿದ. ಫ್ರಾನ್ಸಿನಿಂದ ಬಂದ ಲೂಯಿ ಗಾಲೊದಿಯೆ ಮೊದಲ ಬ್ಯಾಲೆ ಗುರುವಾದ. ಅಂದರೆ ಸ್ವೀಡಿಶ್ ಬ್ಯಾಲೆ ಹುಟ್ಟಿದ್ದೇ ವಲಸೆ ಕಲಾವಿದರಿಂದ. ಅದೇ ದೊರೆ 1792ರಲ್ಲಿ ತನ್ನ ಒಪೇರಾ ಮಂದಿರದಲ್ಲಿಯೇ, ಮುಖವಾಡದ ಕುಣಿತಕೂಟದಲ್ಲಿ ಗುಂಡೇಟು ತಿಂದು ಕೆಲವು ದಿನಗಳ ಬಳಿಕ ಸತ್ತ. ದೊರೆ ಹೋದರೂ ದೊರೆಯ ಕಣ್ಣಿಗಾಗಿ ರಚಿಸಿದ ಸಾಲು ಉಳಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸಾಲಿಗೆ ಬಿಳಿಯ ಬಣ್ಣ ಬಂತು. 1804ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಮರೀ ತಾಲ್ಯೋನಿ 1832ರಲ್ಲಿ ಪ್ಯಾರಿಸ್ಸಿನಲ್ಲಿ ‘ಲಾ ಸಿಲ್ಫೀದ್’ ಕುಣಿದು ಹೆಸರಾದಳು. ಅವಳ ತಂದೆ ಇಟಲಿಯ ನೃತ್ಯ ಸಂಯೋಜಕ, ತಾಯಿ ಸ್ವೀಡನ್ನಿನವಳು. ಅಲ್ಲಿಂದಾಚೆಗೆ ತೆಳು ಬಿಳಿ ಬಟ್ಟೆಯ, ನೆಲಕ್ಕೆ ತಾಗದಂತೆ ತೋರುವ ಅಶರೀರ ಹೆಣ್ಣುಗಳ ಸಾಲು ಬ್ಯಾಲೆಯ ಗುರುತಾಯಿತು. ರಂಗದ ಮೇಲೆ ತೂಕವೇ ಇಲ್ಲದಂತೆ ಕಾಣುತ್ತಿದ್ದ ಈ ಹುಡುಗಿಯರಲ್ಲಿ ಬಹಳಷ್ಟು ಜನ ಬಡವರ ಮಕ್ಕಳು. ಪ್ಯಾರಿಸ್ ಒಪೇರಾದ ಎಳೆಯ ವಿದ್ಯಾರ್ಥಿನಿಯರನ್ನು ‘ಪುಟ್ಟ ಇಲಿಗಳು’ ಎಂದು ಕರೆಯುತ್ತಿದ್ದರು. ಹಣವಂತ ಚಂದಾದಾರರಿಗೆ ರಂಗದ ಹಿಂದಿನ ಕೋಣೆಗೆ ಬಂದು ನರ್ತಕಿಯರನ್ನು ಮಾತನಾಡಿಸುವ ಸವಲತ್ತಿತ್ತು. ಆ ಮಾತುಕತೆ ಎಲ್ಲಿಗೆ ಮುಟ್ಟುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. 1881ರಲ್ಲಿ ಎಡ್ಗರ್ ದೆಗಾ ಪ್ರದರ್ಶಿಸಿದ ಹದಿನಾಲ್ಕು ವರ್ಷದ ನರ್ತಕಿಯ ಶಿಲ್ಪಕ್ಕೆ ರೂಪದರ್ಶಿಯಾದವಳು ಮರೀ ವಾನ್ ಗೋತೆಮ್, ಬಟ್ಟೆ ಒಗೆಯುವವಳ ಮಗಳು. ಶಿಲ್ಪ ಜಗತ್ಪ್ರಸಿದ್ಧವಾಯಿತು. ಅಭ್ಯಾಸಕ್ಕೆ ಸರಿಯಾಗಿ ಬರಲಿಲ್ಲವೆಂದು ಆ ಹುಡುಗಿಯನ್ನು ಒಪೇರಾ ಹೊರಹಾಕಿತು.

ಇಲ್ಲಿ ‘ಬಯಾದೇರ್’ಗೆ ಮರಳೋಣ. 1838ರಲ್ಲಿ ಪುದುಚೇರಿಯ ಸಮೀಪದ ತಿರುವೇಂದಿಪುರದಿಂದ ಕೆಲವು ದೇವದಾಸಿಯರು ಮತ್ತು ಅವರ ವಾದ್ಯಗಾರರು ಪ್ಯಾರಿಸ್ಸಿಗೆ ಬಂದು ಕುಣಿದರು. ಅವರಲ್ಲಿ ಅಮನಿ ಎಂಬವಳನ್ನು ಕವಿ ತೆಯೋಫಿಲ್ ಗೋತಿಯೆ ಬಹುವಾಗಿ ಕೊಂಡಾಡಿದ. ಮುಂದೆ ‘ಜಿಸೆಲ್’ ಬ್ಯಾಲೆಯ ಕಥಾವಸ್ತುವನ್ನು ರೂಪಿಸಿದವರಲ್ಲಿ ಒಬ್ಬನಾದ, 1858ರಲ್ಲಿ ಶಕುಂತಲೆಯ ಕತೆಯನ್ನು ಬ್ಯಾಲೆಗೆ ತಂದವನೂ ಅವನೇ. ನಿಜವಾದ ದೇವದಾಸಿಯರು ಬಂದುಹೋದ ನಾಲ್ಕು ದಶಕಗಳ ಬಳಿಕ ಅವರ ಹೆಸರಿನ ಬ್ಯಾಲೆಯಲ್ಲಿ ಅವರ ಒಂದು ಹೆಜ್ಜೆಯೂ ಇರಲಿಲ್ಲ. ಹೆಸರು ಮತ್ತು ಉಡುಪಿನ ಬಣ್ಣ ಮಾತ್ರ ಉಳಿದಿದ್ದವು. ಆ ಹೊತ್ತಿಗೆ ನಮ್ಮ ನಾಡಿನಲ್ಲಿ ಅವರ ಕುಣಿತವನ್ನು ಅನೈತಿಕವೆಂದು ಜರೆಯುವ ಮಾತುಗಳು ಬಲವಾಗುತ್ತಿದ್ದವು. ಯುರೋಪಿನ ರಂಗದ ಮೇಲೆ ಕಾಲ್ಪನಿಕ ದೇವದಾಸಿಗೆ ಮನ್ನಣೆ, ಊರಿನಲ್ಲಿ ನಿಜವಾದವಳಿಗೆ ಕಳಂಕ. ಈ ಎರಡನ್ನೂ ಒಟ್ಟಿಗೆ ನೋಡದೆ ನಾವು ‘ಶಾಸ್ತ್ರೀಯ’ ಎಂಬ ಪದವನ್ನು ಬಳಸಬಾರದು.

ಅಳತೆಗೋಲಿನ ಪ್ರಶ್ನೆ ಹಳೆಯ ಇತಿಹಾಸವಾಗಿ ಮುಗಿದಿಲ್ಲ. 2018ರಲ್ಲಿ ಬರ್ಲಿನ್ ರಾಜ್ಯ ಬ್ಯಾಲೆಯ ಸಮೂಹ ನರ್ತಕಿಯಾಗಿ ಸೇರಿದ ಫ್ರೆಂಚ್ ಕಲಾವಿದೆ ಕ್ಲೋಯೆ ಲೋಪೆಸ್ ಗೋಮೆಸ್ ಆ ಸಂಸ್ಥೆಯ ಮೊದಲ ಕಪ್ಪು ನರ್ತಕಿ. ‘ಹಂಸ ಸರೋವರ’ಕ್ಕಾಗಿ ಮೈಗೆ ಬಿಳಿಯ ಬಣ್ಣ ಬಳಿದುಕೊಳ್ಳುವಂತೆ ತನ್ನನ್ನು ಒತ್ತಾಯಿಸಲಾಯಿತು, ಸಾಲಿನಲ್ಲಿ ತನ್ನ ತಪ್ಪು ಎದ್ದು ಕಾಣುತ್ತದೆಂದು ಹೀಯಾಳಿಸಲಾಯಿತು ಎಂದು ಆಕೆ 2020ರಲ್ಲಿ ಬಹಿರಂಗವಾಗಿ ಹೇಳಿದಳು. ಮರುವರ್ಷ ಸಂಸ್ಥೆ ಆಕೆಗೆ ಪರಿಹಾರ ಕೊಟ್ಟು, ಒಪ್ಪಂದವನ್ನು ಒಂದು ವರ್ಷ ವಿಸ್ತರಿಸಿ ರಾಜಿಯಾಯಿತು. ಈ ಪ್ರಕರಣದ ತಿರುಳು ಒಂದು ವಾದದಲ್ಲಿದೆ: ಸಾಲು ಏಕರೂಪವಾಗಿರಬೇಕು, ಆದ್ದರಿಂದ ಮೈಬಣ್ಣವೂ ಒಂದೇ ಆಗಿರಬೇಕು. ಒಂದೇ ಉಸಿರು, ಒಂದೇ ಎಣಿಕೆ, ಒಂದೇ ದಿಕ್ಕು ಕಲಾವಿದರು ವರ್ಷಗಟ್ಟಲೆ ದುಡಿದು ಗಳಿಸುವ ಸಾಮ್ಯ. ಒಂದೇ ಚರ್ಮ ಯಾವ ದುಡಿಮೆಯಿಂದಲೂ ಬರುವಂಥದ್ದಲ್ಲ. ಅದು ಹುಟ್ಟಿನ ಅಳತೆ. ಹುಟ್ಟನ್ನು ಅರ್ಹತೆಯೆಂದು ಎಣಿಸುವ ವ್ಯವಸ್ಥೆಯ ಪರಿಚಯ ನಮ್ಮ ನಾಡಿನವರಿಗೆ ಚೆನ್ನಾಗಿಯೇ ಇದೆ. ಲಂಡನ್ನಿನ ‘ಬ್ಯಾಲೆ ಬ್ಲ್ಯಾಕ್’ ತಂಡದ ಸಹಯೋಗದಲ್ಲಿ ಶೂ ತಯಾರಿಸುವ ಕಂಪನಿಯೊಂದು ಕಂದು ಮೈಬಣ್ಣಕ್ಕೆ ಹೊಂದುವ ಬ್ಯಾಲೆ ಶೂಗಳನ್ನು ಮಾರುಕಟ್ಟೆಗೆ ತಂದದ್ದು 2018ರಲ್ಲಿ. ಅಲ್ಲಿಯವರೆಗೆ ಎಷ್ಟೋ ಜನ ತಮ್ಮ ಶೂಗಳಿಗೆ ಮುಖಕ್ಕೆ ಹಚ್ಚುವ ಬಣ್ಣವನ್ನೇ ಬಳಿದುಕೊಳ್ಳುತ್ತಿದ್ದರು. ಆ ಬಣ್ಣದ ಖರ್ಚೂ ಬಳಿಯುವ ಹೊತ್ತೂ ಅವರವೇ.

ಈಗ ಬೆಲೆಯ ಮಾತು. ನರ್ತಕರ ದುಡಿಮೆಯ ಆಯುಸ್ಸು ಚಿಕ್ಕದು. ಎಂಟು ಹತ್ತು ವಯಸ್ಸಿಗೆ ಅಭ್ಯಾಸ ಶುರು, ಹದಿನೆಂಟರ ಆಸುಪಾಸಿಗೆ ಕೆಲಸ, ನಲವತ್ತಕ್ಕೆ ಮಂಡಿ ಸೊಂಟಗಳು ಉತ್ತರ ಹೇಳುತ್ತವೆ. ತಾರೆಯಾದವರಿಗೆ ಆಮೇಲೆ ಗುರುವಾಗುವ, ನಿರ್ದೇಶಕರಾಗುವ ಬಾಗಿಲುಗಳು ತೆರೆದಾವು. ಸಾಲಿನಲ್ಲಿದ್ದವರಿಗೆ ಇಪ್ಪತ್ತು ವರ್ಷದ ದುಡಿಮೆಯ ನಂತರವೂ ಹೇಳಿಕೊಳ್ಳಲು ಒಂದು ಪಾತ್ರದ ಹೆಸರಿರುವುದಿಲ್ಲ. ಪ್ಯಾರಿಸ್ ಒಪೇರಾದ ನಿವೃತ್ತಿ ವೇತನ ವ್ಯವಸ್ಥೆಯ ಬೇರು 1698ರಲ್ಲಿದೆ. ಅಲ್ಲಿನ ನರ್ತಕರಿಗೆ 42ನೆಯ ವಯಸ್ಸಿನಲ್ಲಿ ನಿವೃತ್ತಿ. 2019ರಲ್ಲಿ ಫ್ರೆಂಚ್ ಸರ್ಕಾರ ಎಲ್ಲ ವಿಶೇಷ ಪಿಂಚಣಿಗಳನ್ನು ಒಂದೇ ಅಚ್ಚಿಗೆ ಹಾಕಲು ಹೊರಟಾಗ ರೈಲ್ವೆ ಕಾರ್ಮಿಕರ ಜೊತೆಗೆ ನರ್ತಕರೂ ಮುಷ್ಕರ ಹೂಡಿದರು. ಆ ವರ್ಷದ ಡಿಸೆಂಬರ್ 24ರಂದು ಕೊರೆಯುವ ಚಳಿಯಲ್ಲಿ, ಒಪೇರಾದ ಗಾರ್ನಿಯೇ ಭವನದ ಹೊರಗೆ ‘ಹಂಸ ಸರೋವರ’ದ ಒಂದು ಭಾಗವನ್ನು ಸಾರ್ವಜನಿಕರೆದುರು ಕುಣಿದರು. ಹಿಂದೆ ಮುಷ್ಕರದ ಬ್ಯಾನರುಗಳಿದ್ದವು. ಒಳಗೆ ಟಿಕೆಟ್ಟು ಕೊಂಡವರ ಕಣ್ಣಿಗಾಗಿದ್ದ ಸಾಲು ಅಂದು ಬೀದಿಯವರ ಕಣ್ಣಿಗಾಗಿ ನಿಂತಿತ್ತು.

ಆ ಹೋರಾಟದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಹಾಲಿ ನರ್ತಕರ ತಂಟೆಗೆ ಬರುವುದಿಲ್ಲ, ಹೊಸ ನಿಯಮ 2022ರ ನಂತರ ಸೇರುವವರಿಗೆ ಮಾತ್ರ ಎಂದು ಸರ್ಕಾರ ರಾಜಿಸೂತ್ರ ಮುಂದಿಟ್ಟಿತು. ನರ್ತಕರು ಒಪ್ಪಲಿಲ್ಲ. ಮುಂದಿನ ಪೀಳಿಗೆಯನ್ನು ಬಲಿಕೊಟ್ಟವರು ಎನ್ನಿಸಿಕೊಳ್ಳಲು ತಮಗೆ ಇಷ್ಟವಿಲ್ಲ ಎಂಬುದು ಅವರ ನಿಲುವಾಗಿತ್ತು. 2020ರ ಸಾಂಕ್ರಾಮಿಕದ ಹೊತ್ತಿಗೆ ಆ ಮಸೂದೆ ನಿಂತುಹೋಯಿತು. ಇನ್ನೂ ಸಾಲಿಗೆ ಬಂದಿರದ, ಮುಖ ನೋಡಿರದ ಮಕ್ಕಳಿಗಾಗಿ ಸಂಬಳ ಬಿಟ್ಟು ಬೀದಿಗೆ ಇಳಿದವರನ್ನು ನೆನೆದಾಗ ನನಗನ್ನಿಸುವುದಿಷ್ಟು: ಪಕ್ಕದವಳ ಹೆಜ್ಜೆಯನ್ನು ಕಣ್ಣಂಚಿನಲ್ಲಿ ಕಾಯುವ ಅಭ್ಯಾಸ ರಂಗದ ಮೇಲೆ ಸೌಂದರ್ಯ, ರಂಗದ ಹೊರಗೆ ಸಂಘಟನೆ.

ನಮ್ಮ ಸ್ವೀಡನ್ನಿನಲ್ಲಿಯೂ ರಾಯಲ್ ಒಪೇರಾದ ನರ್ತಕರಿಗೆ 41ನೆಯ ವಯಸ್ಸಿನಲ್ಲಿ ನಿವೃತ್ತಿಯ ಹಕ್ಕು ಬಹುಕಾಲ ಇತ್ತು. ಈಚೆಗೆ ಸೇರಿದವರಿಗೆ ಅದು ಹಾಗೆಯೇ ಇಲ್ಲ. ಪಿಂಚಣಿಯ ಬದಲು ಬೇರೆ ವೃತ್ತಿಗೆ ದಾಟಲು ನೆರವು ಎಂಬ ನೀತಿ ಬಂದಿದೆ. ಇದನ್ನು ಪೂರ್ತಿ ತಳ್ಳಿಹಾಕಲಾರೆ. ನಲವತ್ತರ ಮನುಷ್ಯನಿಗೆ ಇನ್ನೊಂದು ಕೆಲಸ ಕಲಿಯುವ ಅವಕಾಶ ಒಳ್ಳೆಯದೇ. ಆದರೆ ಹಕ್ಕು ನೆರವಾಗಿ ಬದಲಾಗುವಾಗ ಕೊಡುವವರ ದನಿಯೂ ಬದಲಾಗುತ್ತದೆ. ಸಂಸ್ಥೆಯ ಗೋಡೆಯಾಚೆ, ಯೋಜನೆಯಿಂದ ಯೋಜನೆಗೆ ದುಡಿಯುವ ನರ್ತಕರಿಗಾಗಿ 2006ರಲ್ಲಿ ಇಲ್ಲಿ ‘ದಾನ್ಸ್ ಅಲಿಯಾನ್ಸೆನ್’ ಹುಟ್ಟಿತು. ಸರ್ಕಾರದ ಹಣದಿಂದ ನಡೆಯುವ ಈ ಏರ್ಪಾಟಿನಲ್ಲಿ ನರ್ತಕರು ಅದರ ನೌಕರರಾಗಿರುತ್ತಾರೆ. ಬೇರೆ ತಂಡದಲ್ಲಿ ಕೆಲಸ ಸಿಕ್ಕಾಗ ರಜೆ ಪಡೆದು ಹೋಗುತ್ತಾರೆ, ಮುಗಿದಾಗ ಮರಳುತ್ತಾರೆ. ನಡುವಿನ ದಿನಗಳಲ್ಲಿ ಸಂಬಳ ಬರುತ್ತದೆ, ಮೈ ಹದವಾಗಿಟ್ಟುಕೊಳ್ಳಲು ತರಬೇತಿ ಇರುತ್ತದೆ. ಸೇರಲು ಇಂತಿಷ್ಟು ಕೆಲಸ ಮಾಡಿರಬೇಕೆಂಬ ನಿಯಮವಿರುವುದರಿಂದ ಹೊರಗುಳಿಯುವವರೇ ಹೆಚ್ಚು. ಆದರೂ ಕುಣಿಯದ ದಿನವೂ ನರ್ತಕನ ಕೆಲಸದ ದಿನವೇ ಎಂಬ ತತ್ತ್ವವನ್ನು ಒಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಸಾಲನ್ನೇ ಮುರಿದವರೂ ಇದ್ದಾರೆ. ಬಿರ್ಗಿತ್ ಕುಲ್‌ಬರ್ಯ್ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಯುದ್ಧವಿರೋಧಿ ಕೃತಿ ‘ಹಸಿರು ಮೇಜು’ ರಚಿಸಿದ ಕುರ್ಟ್ ಯೂಸ್ ಬಳಿ ಇಂಗ್ಲೆಂಡಿನಲ್ಲಿ ಕಲಿತ ಆಕೆ 1967ರಲ್ಲಿ ತನ್ನ ತಂಡ ಕಟ್ಟಿದಾಗ ಎಂಟೇ ನರ್ತಕರಿದ್ದರು. ಎಲ್ಲರೂ ಏಕವ್ಯಕ್ತಿ ನರ್ತಕರ ದರ್ಜೆಯವರು. ತಂಡ ರಾಷ್ಟ್ರೀಯ ಪ್ರವಾಸಿ ರಂಗಸಂಸ್ಥೆಯಾದ ರೀಕ್ಸ್‌ತೇಟರ್ನ್ ಆಶ್ರಯದಲ್ಲಿ ಊರೂರು ಸುತ್ತಿತು. ಆಕೆಯ ಮಗ ಮಾಟ್ಸ್ ಎಕ್ 1987ರಲ್ಲಿ ಮಾಡಿದ ‘ಹಂಸ ಸರೋವರ’ದಲ್ಲಿ ಹಂಸಗಳು ಬೋಳುತಲೆಯವು, ಬರಿಗಾಲಿನವು, ಗಂಡಸರೂ ಹೆಂಗಸರೂ ಬೆರೆತ ಹಿಂಡು. ಅಶರೀರ ಹೆಣ್ಣುಗಳ ಜಾಗದಲ್ಲಿ ಭಾರವಿರುವ, ಎಡವುವ, ಹಾಸ್ಯಾಸ್ಪದವೂ ಆಗಬಲ್ಲ ಜೀವಗಳು ಬಂದವು. ಒಂದಾಗುವುದಕ್ಕೆ ಒಂದೇ ಥರ ಕಾಣಬೇಕಿಲ್ಲ ಎಂಬುದನ್ನು ಆ ಹಿಂಡು ತೋರಿಸಿಕೊಟ್ಟಿತು.

ನಮ್ಮಲ್ಲಿ ಬ್ಯಾಲೆ ಎಂಬ ಪದ ಬಂದದ್ದು ಇನ್ನೊಂದು ದಾರಿಯಿಂದ. 1943ರ ಬಂಗಾಳದ ಬರಗಾಲದ ಹಿನ್ನೆಲೆಯಲ್ಲಿ ಬೆಳೆದ ಇಪ್ಟಾ, ಅಂದರೆ ಭಾರತೀಯ ಜನತಾ ರಂಗಭೂಮಿ ಸಂಘ, ಮುಂಬಯಿಯಲ್ಲಿ ಕೇಂದ್ರ ತಂಡವೊಂದನ್ನು ಕಟ್ಟಿತು. ಬೇರೆ ಬೇರೆ ಪ್ರಾಂತ್ಯಗಳ ಕಲಾವಿದರು ಒಂದೇ ಮನೆಯಲ್ಲಿ ಇದ್ದು, ಒಂದೇ ಅಡುಗೆ ಉಂಡು, ಶಾಂತಿ ಬರ್ಧನ್ ಸಂಯೋಜನೆಯಲ್ಲಿ ‘ಸ್ಪಿರಿಟ್ ಆಫ್ ಇಂಡಿಯಾ’ದಂಥ ಕೃತಿಗಳನ್ನು ಕುಣಿದರು. ಅಲ್ಲಿ ಸಮೂಹ ಹಿನ್ನೆಲೆಯಾಗಿರಲಿಲ್ಲ. ಹಸಿದ ಜನ, ದುಡಿಯುವ ಜನ, ಅದೇ ನಾಯಕ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿದ ಮಾಯಾ ರಾವ್ 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನು ಒಂದು ಶಾಸ್ತ್ರವಾಗಿ ಕಲಿತು ಬಂದರು, ಮುಂದೆ ಬೆಂಗಳೂರಿನಲ್ಲಿ ಅದನ್ನು ಕಲಿಸಿದರು. ಒಂಟಿ ಕಲಾವಿದೆಯ ಸುತ್ತ ಬೆಳೆದಿದ್ದ ನಮ್ಮ ನೃತ್ಯಕ್ಕೆ ಗುಂಪನ್ನು ಹೇಗೆ ರಂಗದ ಮೇಲೆ ಚಲಿಸಬೇಕೆಂಬ ವಿದ್ಯೆ ಹೀಗೆ ಸೇರಿಕೊಂಡಿತು.

ಅದಕ್ಕೂ ಮೊದಲು ನಮ್ಮ ಕರಾವಳಿಯಲ್ಲಿ ಮೇಳವಿತ್ತು. ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ ಇವೆಲ್ಲ ಹೊಸಬರು ಏರಬೇಕಾದ ಮೆಟ್ಟಿಲುಗಳು. ಎರಡನೇ ವೇಷದವರು ಆ ಹೊತ್ತಿಗೆ ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಜನ ಇನ್ನೂ ಬಂದು ಕೂರುತ್ತಿರುವಾಗ, ಖಾಲಿ ಕುರ್ಚಿಗಳ ಮುಂದೆ ಕುಣಿದೇ ಎಷ್ಟೋ ದೊಡ್ಡ ಕಲಾವಿದರು ಬೆಳೆದಿದ್ದಾರೆ. ಇದನ್ನು ಆದರ್ಶವೆಂದು ಹೇಳುತ್ತಿಲ್ಲ. ಮೇಳದ ಚೌಕಿಯಲ್ಲಿಯೂ ಜಾತಿಯ ಗೆರೆಗಳಿದ್ದವು, ಹೆಣ್ಣಿಗೆ ತೀರ ಈಚಿನವರೆಗೆ ಪ್ರವೇಶವಿರಲಿಲ್ಲ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದರೆ ಮಳೆಗಾಲ ಪೂರ್ತಿ ಸಂಬಳವಿಲ್ಲ. ಹೊಲ, ಹೋಟೆಲು, ಊರೂರಿನ ಸಣ್ಣ ಪ್ರದರ್ಶನ, ಸಿಕ್ಕಿದ್ದೇ ಕೆಲಸ. ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆ ಕಲಾವಿದರಿಗೆ ಮನೆ ಕಟ್ಟಿಸಿಕೊಡುವುದು, ಕ್ಷೇಮನಿಧಿ ನಡೆಸುವುದು ದೊಡ್ಡ ಕೆಲಸ. ಆದರೆ ಹಕ್ಕಾಗಬೇಕಾದದ್ದು ದಾನಿಗಳ ಔದಾರ್ಯದ ಮೇಲೆ ನಿಂತಿದೆ ಎಂಬುದನ್ನೂ ಅದು ನೆನಪಿಸುತ್ತದೆ.

ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿಸಿದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ತಂದರು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು, ಒಡ್ಡೋಲಗದಂಥ ಸಮೂಹ ಕುಣಿತಕ್ಕೆ ಹೊಸ ಘನತೆ ಕೊಟ್ಟರು, ವೇಷಭೂಷಣದ ಅಂದಗೆಟ್ಟ ಹೊಸ ಅಬ್ಬರಗಳನ್ನು ಕಿತ್ತೆಸೆದರು. ತಂಡವನ್ನು ವಿದೇಶಗಳಿಗೂ ಕರೆದೊಯ್ದರು. ಇದರಿಂದ ಕುಣಿತದಲ್ಲಿ ಒಂದು ಶಿಲ್ಪ ಮೂಡಿತು. ಅದರ ಜೊತೆಗೆ ಮಾತು ಹೋಯಿತು. ವೇಷಧಾರಿ ಆಶುವಾಗಿ ಅರ್ಥ ಹೇಳುವಾಗ ಸಣ್ಣ ಪಾತ್ರದವನೂ ಒಂದು ಮಾತಿನಿಂದ ದೊರೆಯ ವೇಷವನ್ನು ತಬ್ಬಿಬ್ಬು ಮಾಡಬಲ್ಲ. ದೂತ, ಹಾಸ್ಯಗಾರ, ಬ್ರಾಹ್ಮಣ, ಅಗಸ ಎಲ್ಲರಿಗೂ ಆ ಸ್ವಾತಂತ್ರ್ಯವಿದೆ. ಬ್ಯಾಲೆಯಲ್ಲಿ ಆ ಸ್ವಾತಂತ್ರ್ಯ ನಿರ್ದೇಶಕನ ಒಂದು ಕಣ್ಣಿಗೆ ಒಪ್ಪಿಸಲ್ಪಟ್ಟಿತು. ಕಾರಂತರ ಕಣ್ಣು ಶ್ರೇಷ್ಠವಾಗಿತ್ತು. ಕಣ್ಣು ಎಷ್ಟೇ ಶ್ರೇಷ್ಠವಾದರೂ ಅದು ಒಂದೇ ಕಣ್ಣು ಎಂಬ ಮಾತನ್ನು ಅವರ ಮೇಲಿನ ಗೌರವ ಉಳಿಸಿಕೊಂಡೇ ಹೇಳಬಹುದು.

ಇಷ್ಟು ದೂರ ಬಂದ ಮೇಲೆ ಆರಂಭದ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ ಹೇಳಬೇಕು. ಸಾಲು ತನ್ನಷ್ಟಕ್ಕೆ ಗುಲಾಮಗಿರಿಯಲ್ಲ. ಎಲ್ಲರನ್ನೂ ತಾರೆಯೆಂದು ಕರೆದ ಮಾತ್ರಕ್ಕೆ ಸಮಾನತೆ ಬರುವುದೂ ಇಲ್ಲ. ಇಂದು ಎಷ್ಟೋ ಕಂಪನಿಗಳು ದರ್ಜೆಗಳನ್ನು ಅಳಿಸಿ, ಅದರೊಂದಿಗೆ ಕಾಯಂ ಕೆಲಸವನ್ನೂ ಅಳಿಸಿವೆ. ಸಾಲು ಆಜ್ಞೆಯೋ ಒಪ್ಪಂದವೋ ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ಅಳತೆಯನ್ನು ನಿರ್ಧರಿಸುವಲ್ಲಿ ಸಾಲಿನವರಿಗೆ ಮಾತಿದೆಯೇ? ಸಾಲಿನವರ ಮೈ ಸೋತಾಗ ಅವರ ಬಾಳಿಗೆ ಆಧಾರವಿದೆಯೇ? ಅವರ ಹೆಸರು ದಾಖಲಾಗುತ್ತದೆಯೇ? ಈ ಮೂರೂ ಇದ್ದಲ್ಲಿ ಮೇಳ, ಇಲ್ಲದಲ್ಲಿ ಕವಾಯತು.

ಇದನ್ನು ನಾನು ಈ ಕೂಟದಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ವಲಸೆ ಬಂದವರಾದ ನಮಗೆ ‘ಇಲ್ಲಿಯವರ ಹಾಗೆ ಹೊಂದಿಕೊಳ್ಳಿ’ ಎಂಬ ಮಾತು ಹೊಸದಲ್ಲ. ಹೊಂದಿಕೊಳ್ಳಲು ನಾವು ಸಿದ್ಧ. ಭಾಷೆ ಕಲಿತಿದ್ದೇವೆ, ತೆರಿಗೆ ಕಟ್ಟುತ್ತೇವೆ. ಬಣ್ಣ ಬಳಿದುಕೊಳ್ಳಿ ಎಂದಾಗ ಮಾತ್ರ ಬರ್ಲಿನ್ನಿನ ಆ ನರ್ತಕಿಯ ನೆನಪಾಗಬೇಕು. ಆದರೆ ಅದೇ ಪ್ರಶ್ನೆಯನ್ನು ನಮ್ಮ ವೇದಿಕೆಗಳಿಗೂ ಕೇಳಿಕೊಳ್ಳದಿದ್ದರೆ ನಾವು ಪ್ರಾಮಾಣಿಕರಲ್ಲ. ರಾಜ್ಯೋತ್ಸವದ ನೃತ್ಯದಲ್ಲಿ ಮುಂದಿನ ಸಾಲಿಗೆ ಯಾವ ಮಕ್ಕಳನ್ನು ನಿಲ್ಲಿಸುತ್ತೇವೆ, ಮೈಬಣ್ಣವೂ ತಂದೆತಾಯಿಯ ಸ್ಥಾನಮಾನವೂ ಆ ಆಯ್ಕೆಯೊಳಗೆ ನುಸುಳುತ್ತವೆಯೇ? ಊರಿನಿಂದ ತಂಡಗಳನ್ನು ಕರೆಸುವಾಗ ಭಿತ್ತಿಪತ್ರದಲ್ಲಿ ಒಂದೇ ದೊಡ್ಡ ಹೆಸರಿರುತ್ತದೆ. ಡೊಳ್ಳಿನವರು, ಚೆಂಡೆಯವರು, ಬಣ್ಣ ಹಚ್ಚುವವರು, ಸಾಲಿನಲ್ಲಿ ಕುಣಿಯುವವರು ‘ಮತ್ತು ಸಂಗಡಿಗರು’ ಎಂಬ ಎರಡು ಪದಗಳೊಳಗೆ ಅಡಗಿಬಿಡುತ್ತಾರೆ. ಸಂಭಾವನೆ ಆ ದೊಡ್ಡ ಹೆಸರಿನ ಕೈಗೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾರಿಗೆ ಎಷ್ಟು ಸೇರಿತೆಂದು ನಾವು ಕೇಳುವುದಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದುಕೊಳ್ಳುತ್ತೇವೆ. ಸ್ವೀಡಿಶ್ ಕಾರ್ಮಿಕ ಒಪ್ಪಂದಗಳ ನೆರಳಿನಲ್ಲಿ ನೆಮ್ಮದಿಯಾಗಿ ದುಡಿಯುವ ನಾವು ನಮ್ಮ ಕಲಾವಿದರನ್ನು ಒಪ್ಪಂದವಿಲ್ಲದ ಲೋಕದಲ್ಲಿಯೇ ಬಿಟ್ಟು ಚಪ್ಪಾಳೆ ತಟ್ಟುತ್ತೇವೆ.

ಆದ್ದರಿಂದ ಮೂರು ಸಣ್ಣ ಸಲಹೆಗಳು. ಮುಂದಿನ ಸಲ ತಂಡವೊಂದು ಬಂದಾಗ ಪ್ರತಿಯೊಬ್ಬರ ಪೂರ್ಣ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಪ್ರತಿಯೊಬ್ಬರ ಸಂಭಾವನೆಯನ್ನು ಅವರವರ ಖಾತೆಗೆ, ಅವರಿಗೆ ತಿಳಿಯುವ ಭಾಷೆಯ ಒಪ್ಪಂದ ಪತ್ರದೊಂದಿಗೆ ಕೊಡೋಣ. ಪ್ರಯಾಣ ವಿಮೆ, ವಿಶ್ರಾಂತಿಯ ದಿನ, ಇಬ್ಬರಿಗೊಂದು ಕೋಣೆ, ಇವು ಮುಖ್ಯ ಕಲಾವಿದರಿಗೆ ಸಿಕ್ಕಂತೆಯೇ ಹಿಮ್ಮೇಳದವರಿಗೂ ಸಿಗಲಿ. ಇದಕ್ಕೆ ಸ್ವಲ್ಪ ಹೆಚ್ಚು ಹಣ ಬೇಕಾಗಬಹುದು. ವರ್ಷಕ್ಕೆ ಎರಡು ಕಾರ್ಯಕ್ರಮದ ಬದಲು ಒಂದೇ ನಡೆದರೂ ಕನ್ನಡಕ್ಕೆ ನಷ್ಟವಾಗದು.

ಕೊನೆಯದಾಗಿ ಒಂದು ಕೋರಿಕೆ. ಒಪೇರಾಕ್ಕೆ ಹೋದಾಗ, ಅಥವಾ ರಜೆಯಲ್ಲಿ ಊರಿಗೆ ಹೋಗಿ ಆಟ ನೋಡುವಾಗ, ಹತ್ತು ನಿಮಿಷ ನಡುವಿನ ಬೆಳಕಿನಿಂದ ಕಣ್ಣು ತೆಗೆದು ಎಡಗಡೆಯ ಸಾಲಿನ ಮೂರನೆಯ ನರ್ತಕಿಯನ್ನೋ, ಒಡ್ಡೋಲಗದ ಕೊನೆಯ ವೇಷವನ್ನೋ ನೋಡಿ. ಒಂದು ಮೈ ಇನ್ನೊಂದು ಮೈಗಾಗಿ ಎಷ್ಟು ಎಚ್ಚರವಾಗಿರಬಲ್ಲದು ಎಂಬುದು ಕಾಣುತ್ತದೆ. ಪ್ರದರ್ಶನ ಮುಗಿದ ಮೇಲೆ ಕಾರ್ಯಕ್ರಮ ಪಟ್ಟಿಯ ಕೊನೆಯ ಪುಟ ತೆಗೆದು ಆ ಹೆಸರನ್ನು ಹುಡುಕಿ. ಸಿಗದಿದ್ದರೆ ಯಾಕೆ ಅಚ್ಚಾಗಿಲ್ಲವೆಂದು ಸಂಘಟಕರನ್ನು ಕೇಳಿ.

ಇನ್ನು ನಿಮ್ಮ ಪ್ರಶ್ನೆಗಳಿಗೆ, ಆಕ್ಷೇಪಗಳಿಗೆ ಕಿವಿಗೊಡುತ್ತೇನೆ.